ಮಗಳಿಗೊಂದು ಪತ್ರ: ಧೂಳು ಏಳುವ ಜಾಗದಲ್ಲೇ ತಡಿ

ದಾವಣಗೆರೆ

ಪ್ರೀತಿಯ ಪುಟ್ಟಿ,

ಚಿತ್ರದುರ್ಗದ ಗ್ರಾನೈಟ್ ಯೂನಿಟ್‌ನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿದ್ದಕ್ಕೆ ಅವ್ವನಿಗೂ ನನಗೂ ಬಹಳ ಸಂತೋಷ. ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಇದನ್ನು ಪೂರ್ತಿ ಓದು. ಧೂಳನ್ನು ಅದು ಏಳುವ ಜಾಗದಲ್ಲೇ ತಡೀಬೇಕು. ಎದ್ದ ಮೇಲೆ ಮಾಸ್ಕ್ ಹಾಕಿಕೊಳ್ಳುವುದು ಕೊನೆಯ ಉಪಾಯ.

ಗ್ರಾನೈಟ್‌ನಲ್ಲಿ ಸುಮಾರು ಕಾಲು ಭಾಗ, ಕೆಲವು ಕಲ್ಲಿನಲ್ಲಿ ಇನ್ನೂ ಹೆಚ್ಚು, ಬೆಣಚುಕಲ್ಲಿನ ಅಂಶ ಇರುತ್ತದೆ. ಅದೇ ಸಿಲಿಕಾ. ಕಪ್ಪು ಗ್ರಾನೈಟ್ ಅಂತ ಮಾರುವುದರಲ್ಲಿ ಕಡಿಮೆ, ಗುಲಾಬಿ ಮತ್ತು ಬೂದು ಬಣ್ಣದ್ದರಲ್ಲಿ ಜಾಸ್ತಿ. ಅಡುಗೆಮನೆ ಕಟ್ಟೆಗೆ ಬರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್‌ಗಳಲ್ಲಿ ಶೇ. 90ರ ಮೇಲೂ ಇರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಸ್ಲ್ಯಾಬ್‌ಗಳನ್ನೇ ನಿಷೇಧಿಸಿತು. ನಿಮ್ಮಲ್ಲಿಗೆ ಅಂಥ ಆರ್ಡರ್ ಬಂದರೆ ನೀರು ಹಾಕದೆ ಒಣದಾಗಿ ಕೊಯ್ಯಲು ಬಿಡಲೇಬೇಡ.

ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬೀಳುತ್ತದೆ. ಶ್ವಾಸಕೋಶದ ತಳ ಮುಟ್ಟುವುದು ನಾಲ್ಕೈದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದರೆ ಒಂದು ಮೈಕ್ರಾನ್) ಸಣ್ಣ ಕಣ. ಅದು ಕಾಣುವುದಿಲ್ಲ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಹಾಗಾಗಿ "ಇಲ್ಲೇನು ಧೂಳಿಲ್ಲ ಬಿಡಿ ಮೇಡಂ" ಎಂಬ ಮಾತನ್ನು ನಂಬಬೇಡ. ಸಿಲಿಕಾ ಧೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆಗೆ ಸಿಲಿಕೋಸಿಸ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ತಲೆ ಎತ್ತುತ್ತದೆ, ಧೂಳು ವಿಪರೀತ ಇದ್ದರೆ ಕೆಲವೇ ವರ್ಷಕ್ಕೆ. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಟಿಬಿ ಹಿಡಿಯುವ ಅಪಾಯವೂ ಹೆಚ್ಚುತ್ತದೆ.

ಮೊದಲು ನೋಡಬೇಕಾದ್ದು ನೀರು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬೀಳಬೇಕು, ಅರ್ಧ ಅಡಿ ಆಚೆ ಬಿದ್ದರೆ ಕಲ್ಲು ತೊಯ್ಯುತ್ತದೆ, ಧೂಳು ಏಳುತ್ತಲೇ ಇರುತ್ತದೆ. ಕೈಯಲ್ಲಿ ಹಿಡಿಯುವ ಕಟರ್‌ಗೆ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ಬೇಕು. ಒಂದು ಲೀಟರ್ ಬಾಟಲಿ ಹಿಡಿದು ನೋಡು, ತುಂಬಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ನೀರು ಸಾಲದು. ಪೈಪಿನ ಬಾಯಿಗೆ ಕಲ್ಲಿನ ರಾಡಿ ಕಟ್ಟಿಕೊಳ್ಳುವುದೇ ಹೆಚ್ಚಾಗಿ ಕಾರಣ, ದಿನಾ ಬೆಳಿಗ್ಗೆ ಬಿಚ್ಚಿ ತೊಳೆಸು. ನೀರಿದ್ದ ಕಡೆ ಕರೆಂಟ್ ಇರುತ್ತದೆ, ಹಾಗಾಗಿ ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೋ ಇಲ್ಲವೋ ಎಲೆಕ್ಟ್ರೀಷಿಯನ್‌ನನ್ನು ಕೇಳು. ಟೆಸ್ಟ್ ಬಟನ್ ಒತ್ತಿದರೆ ಅದು ಟ್ರಿಪ್ ಆಗಬೇಕು.

ರಾಡಿ ಒಣಗಿದರೆ ಮತ್ತೆ ಧೂಳೇ. ಒದ್ದೆ ಇರುವಾಗಲೇ ವೈಪರ್‌ನಿಂದ ಎಳೆಸಿ ತೊಳೆಸು. ಪೊರಕೆ ಬೇಡ. ಕಂಪ್ರೆಸರ್ ಗಾಳಿಯಿಂದ ಮೈಮೇಲಿನ ಧೂಳು ಊದಿಕೊಳ್ಳುವ ಅಭ್ಯಾಸ ಇಂಥ ಕಡೆ ಬಹಳ, ಅದನ್ನು ಮೊದಲ ದಿನದಿಂದಲೇ ನಿಲ್ಲಿಸು.

ಇನ್ನು ಮಾಸ್ಕ್. ಟವೆಲ್, ವೇಲ್, ಆಸ್ಪತ್ರೆಯ ನೀಲಿ ಮಾಸ್ಕ್ ಯಾವುದೂ ಈ ಕಣವನ್ನು ತಡೆಯುವುದಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಇರಲಿ, ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಗೆ ಎರಡು ಪಟ್ಟಿ ಇರುವುದು ವಾಸಿ. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹಿಂದೆ. ಮೂಗಿನ ತಂತಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಕೂರಿಸು. ಆಮೇಲೆ ಮಾಸ್ಕ್ ಮೇಲೆ ಅಂಗೈ ಇಟ್ಟು ಉಸಿರು ಬಿಡು, ಕಣ್ಣ ಕಡೆಗೆ ಗಾಳಿ ನುಗ್ಗಿದರೆ ಸರಿಯಾಗಿ ಕೂತಿಲ್ಲ. ವೇಲನ್ನು ಮಾಸ್ಕ್ ಕೆಳಗೆ ಸುತ್ತಬೇಡ. ಗಡ್ಡ ಬಿಟ್ಟವರಿಗೆ ಇದು ಕೂರುವುದೇ ಇಲ್ಲ ಎಂದು ಬಿಡಿಸಿ ಹೇಳು, ಮುಲಾಜು ಮಾಡಬೇಡ. ಒಗೆದು ಮತ್ತೆ ಹಾಕುವಂಥದ್ದೂ ಅಲ್ಲ.

ಒಂದು ಮೀಟರ್ ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾದರೆ ಸದ್ದು 90 ಡೆಸಿಬೆಲ್ ಹತ್ತಿರ ಇದೆ ಎಂದೇ ಲೆಕ್ಕ. ಕಿವಿಗೆ ಫೋಮ್ ಪ್ಲಗ್ ಹಾಕಿಕೋ.

ಕೆಲಸಕ್ಕೆ ಸೇರುವಾಗಲೇ ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ ಪ್ರತಿಗಳನ್ನು ನಿನ್ನ ಹತ್ತಿರವೇ ಇಟ್ಟುಕೋ. ಮುಂದೆ ಹೋಲಿಸಿ ನೋಡಲು ಅದೇ ಆಧಾರ. ನಿಮ್ಮ ಕೆಲಸಗಾರರು ಕೆಮ್ಮು ಅಂತ ಆಸ್ಪತ್ರೆಗೆ ಹೋದಾಗ ಕಲ್ಲಿನ ಕೆಲಸ ಎಂದು ಡಾಕ್ಟರಿಗೆ ಹೇಳುವಂತೆ ತಿಳಿಸು. ಸಿಲಿಕೋಸಿಸ್ ಎಷ್ಟೋ ಸಲ ಟಿಬಿ ಎಂದೇ ಚಿಕಿತ್ಸೆ ಪಡೆಯುತ್ತದೆ. ಸಿಲಿಕೋಸಿಸ್ ಕಾರ್ಖಾನೆ ಕಾನೂನಿನಲ್ಲಿ ವರದಿ ಮಾಡಲೇಬೇಕಾದ ಕಾಯಿಲೆ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರಿಗೆ ವೃತ್ತಿರೋಗದ ಸೌಲಭ್ಯವೂ ಇದೆ.

ಬಟ್ಟೆಯನ್ನು ಯೂನಿಟ್‌ನಲ್ಲೇ ಬದಲಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾ. ಕೊಡವಬೇಡ, ನೇರ ನೀರಿನಲ್ಲಿ ಅದ್ದು, ಬೇರೆಯಾಗಿ ಒಗೆ. ಸ್ನಾನ ಆಗುವ ತನಕ ಮಗುವನ್ನು ಎತ್ತಿಕೊಳ್ಳದೆ ಇರುವುದು ನಿನಗೆ ಕಷ್ಟ, ಗೊತ್ತು. ಆದರೂ ಹಾಗೇ ಮಾಡು.

ಆ ಬಾಡಿಗೆ ಮನೆಯ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದೆ ಅಂದೆಯಲ್ಲ, ಅದನ್ನು ಹೊರಗೋಡೆಗೆ ಹಾಕಿಸಿಕೊಡಲು ಓನರನ್ನು ಕೇಳು. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಅದು ಹೊರಗೆ ಹೋಗುವ ತನಕ ಒಲೆಯ ಮೇಲೆ ನೀರು ಕಾಯಿಸಿಕೋ.

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಎಷ್ಟಿದೆ ಎಂದು ಪರೀಕ್ಷೆ ಮಾಡಿಸು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಾಗ ಮಿತಿ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಹೆಚ್ಚಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಆರ್‌ಒ ನೀರು ತಾ, ಮಗುವಿನ ಹಾಲಿನ ಪುಡಿ ಕಲೆಸಲಿಕ್ಕೂ ಅದೇ ನೀರು. ಬೋರ್ ನೀರು ಬಟ್ಟೆ, ಪಾತ್ರೆಗೆ ಇರಲಿ.

ಗೀಸರ್ ವಿಷಯಕ್ಕೆ ಓನರ್ ಏನಂದರು ಎಂದು ಭಾನುವಾರದೊಳಗೆ ಫೋನ್ ಮಾಡು. ಖರ್ಚು ನಾನು ಕೊಡುತ್ತೇನೆ.

ನಿನ್ನ ಅಪ್ಪಾಜಿ