ಮುಳ್ಳು ನಿಲ್ಲಲಿ, ತಡಿ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪುಣೆಯ ಕೆಲಸಕ್ಕೆ ಹೋಗುವುದೋ ಬೇಡವೋ ಅಂತ ಪಾಂಡರ್ ಮಾಡುತ್ತಿದ್ದೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆ ಪದ ತಲೆಯಲ್ಲೇ ಉಳಿಯಿತು. ರಾತ್ರಿ ನಿಘಂಟು ತೆಗೆದು ಕೂತೆ.

ಪಾಂಡರ್ ಅಂದರೆ ಆಳವಾಗಿ ಯೋಚಿಸುವುದು. ಅದು ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ, ಫ್ರೆಂಚಿನ ಮೂಲಕ. ಅದರ ಹಿಂದಿರುವುದು ಲ್ಯಾಟಿನ್ನಿನ ಪಾಂಡೆರಾರೆ, ಅಂದರೆ ತೂಕ ಮಾಡುವುದು. ಪೌಂಡ್ ಕೂಡ ಇದೇ ಮನೆಯದು. ಎಲ್ಲಕ್ಕೂ ಬೇರು ಪೆಂಡೆರೆ ಎಂಬ ಕ್ರಿಯಾಪದ. ಅದಕ್ಕೆ ನೇತುಹಾಕು ಅನ್ನುವ ಅರ್ಥವೂ ಇದೆ, ತೂಕ ಮಾಡು ಅನ್ನುವ ಅರ್ಥವೂ ಇದೆ. ಇಷ್ಟು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಮ್ಮ 'ತೂಗು' ಕೂಡ ಹಾಗೇ ಅಲ್ವಾ? ತಕ್ಕಡಿಯಲ್ಲಿ ಬೆಲ್ಲ ತೂಗುತ್ತೇವೆ, ತೊಟ್ಟಿಲು ತೂಗುತ್ತೇವೆ, ಗೋಡೆಗೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ಮದುವೆಯಾಗಲಿ ಜಮೀನಾಗಲಿ, ಅಳೆದು ತೂಗಿ ನೋಡಿ ಅನ್ನುತ್ತೇವೆ. ಎಲ್ಲಿಯ ರೋಮ್, ಎಲ್ಲಿಯ ನಮ್ಮೂರು! ರೋಮಿನಲ್ಲಿ ನಾಣ್ಯ ಬರುವ ಮೊದಲು ಕಂಚಿನ ತುಂಡುಗಳನ್ನು ತೂಗಿ ಕೊಡುತ್ತಿದ್ದರು. ಹಾಗಾಗಿ ಪೆಂಡೆರೆಗೆ ಹಣ ಕೊಡು ಎಂಬ ಅರ್ಥವೂ ಸೇರಿತು. ನನ್ನ ಪಿಂಚಣಿಯ ಬೇರೂ ಅದೇ.

ನಿನ್ನ ತಾತನ ಕಿರಾಣಿ ಅಂಗಡಿಯನ್ನು ನೀನು ನೋಡಿಲ್ಲ. ಸಕ್ಕರೆ ಸುರಿದ ಕೂಡಲೇ ತಕ್ಕಡಿಯ ತಟ್ಟೆ ಮೇಲೆ ಕೆಳಗೆ ಓಲಾಡುತ್ತಿತ್ತು. ನಾನು ಆತುರದಲ್ಲಿ ಪೊಟ್ಟಣ ಕಟ್ಟಲು ಹೋದರೆ ಅಪ್ಪ ಕೈ ಹಿಡಿಯುತ್ತಿದ್ದರು. "ಮುಳ್ಳು ನಿಲ್ಲಲಿ, ತಡಿ" ಅನ್ನುತ್ತಿದ್ದರು. ಸುಮಾ, ನಿನ್ನ ಮುಳ್ಳು ಇನ್ನೂ ಓಲಾಡುತ್ತಿದೆ. ಮ್ಯಾನೇಜರ್ ರೇಗಿದ ದಿನ ಪುಣೆಯ ಕಡೆ ವಾಲುತ್ತದೆ. ಅಮ್ಮ ಕಣ್ಣೀರು ಹಾಕಿದ ದಿನ ಮನೆಯ ಕಡೆ. ಅಂಥ ದಿನ ಯಾರಿಗೂ ಉತ್ತರ ಬರೆಯಬೇಡ.

ಇನ್ನೊಂದು ಮಾತು. ನೀನು ಹೇಳಿದ್ದರಲ್ಲಿ ಸಂಬಳದ ವಿಷಯವೇ ಜಾಸ್ತಿ ಇತ್ತು. ಅಲ್ಲಿನ ಬಾಡಿಗೆಯನ್ನೂ ಎದುರು ತಟ್ಟೆಗೆ ಹಾಕು. ಆ ಕೆಲಸದಲ್ಲಿ ಹೊಸದಾಗಿ ಏನು ಕಲಿಯುತ್ತೀಯ ಅನ್ನುವುದಕ್ಕೂ ತೂಕ ಕೊಡು. ಆದರೆ ಅಮ್ಮನ ಮಂಡಿನೋವನ್ನು ಮಾತ್ರ ಹಾಕಬೇಡ. ಅದನ್ನು ನಾನೂ ನಿನ್ನ ದೊಡ್ಡಮ್ಮನೂ ನೋಡಿಕೊಳ್ಳುತ್ತೇವೆ. ಇದು ಸುಮ್ನೆ ಸಮಾಧಾನಕ್ಕೆ ಬರೆದದ್ದಲ್ಲ, ನಿನ್ನ ಅಪ್ಪನ ಹತ್ತಿರ ಮಾತಾಡಿಯೇ ಬರೆಯುತ್ತಿದ್ದೇನೆ.

ಉತ್ತರಕ್ಕೆ ಪುಣೆಯವರು 10 ದಿನ ಕೊಟ್ಟಿದ್ದಾರಲ್ಲ. ಅಷ್ಟನ್ನೂ ಬಳಸಿಕೋ. ಭಾನುವಾರ ಇಲ್ಲಿಗೆ ಬಾ, ದೊಡ್ಡಮ್ಮ ಹೋಳಿಗೆ ಮಾಡುತ್ತಾಳೆ. ನೀನಾಗಿ ಎತ್ತುವವರೆಗೆ ಕೆಲಸದ ಮಾತು ನಾವು ಎತ್ತುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ