ಮರಿ ಕೊಡುವಾಗ ತಳಿಯ ಗುಣವನ್ನೂ ಹೇಳಿ

ಮಾನ್ಯ ಸಂಪಾದಕರೇ,

ಹಿತ್ತಲ ಕೋಳಿ ಸಾಕಣೆ ಬಗ್ಗೆ ಪತ್ರಿಕೆಯಲ್ಲಿ ಏನು ಬಂದರೂ ನಾನು ಬಿಡದೆ ಓದುತ್ತೇನೆ. ಗಿರಿರಾಜ ತಳಿಯ ಕೋಳಿ ಎಷ್ಟು ಬೇಗ ತೂಕ ಬರುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ ಅನ್ನೋದು ಎಲ್ಲದರಲ್ಲೂ ಇರುತ್ತದೆ. ಅದೇ ಮೊಟ್ಟೆಯಿಂದ ಮತ್ತೆ ಮರಿ ಮಾಡಿಸಿದರೆ ಏನಾಗುತ್ತದೆ ಅನ್ನೋದು ಮಾತ್ರ ಇರುವುದಿಲ್ಲ. ನಾನು ಮಾಡಿ ನೋಡಿದ್ದೇನೆ. ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಂಘಕ್ಕೆ ಗಿರಿರಾಜ ಮರಿಗಳು ಬಂದವು. ತಂದವರು ಬಾಕ್ಸ್ ಇಳಿಸಿ, ಸಹಿ ಹಾಕಿಸಿಕೊಂಡು ಹೋದರು. ಕೋಳಿಗಳು ಚೆನ್ನಾಗಿಯೇ ಬೆಳೆದವು. ಇನ್ನು ಮರಿ ಕೊಳ್ಳುವ ಖರ್ಚಿಲ್ಲ ಅಂತ ಎಲ್ಲರೂ ಮೊಟ್ಟೆ ಕೂಡಿಟ್ಟೆವು. ಒಂದು ಹ್ಯಾಟೆಯೂ ಕಾವಿಗೆ ಕೂರಲಿಲ್ಲ. ರೋಗವೇನೋ ಅಂದುಕೊಂಡು ಕೆಲವರು ಮಾರಿಯೂ ಬಿಟ್ಟರು. ಅದು ರೋಗವಲ್ಲ, ತಳಿಯ ಗುಣ. ಅದು ಜಾಸ್ತಿ ಮೊಟ್ಟೆ ಇಡಲು ಕಾವಿಗೆ ಕೂರದೆ ಇರುವುದೂ ಒಂದು ಕಾರಣ. ಇಷ್ಟನ್ನು ಬಾಕ್ಸ್ ಇಳಿಸಿದ ದಿನವೇ ಯಾರಾದರೂ ಹೇಳಬಹುದಿತ್ತು, ಅಲ್ವಾ?

ಆಮೇಲೆ ನಾನೇ ಒಂದು ಸಣ್ಣ ಇನ್‌ಕ್ಯುಬೇಟರ್ ತಂದೆ. 24 ನಾಟಿ ಮೊಟ್ಟೆ, ನಮ್ಮನೆ ಗಿರಿರಾಜದ 24 ಮೊಟ್ಟೆ ಇಟ್ಟೆ. ಅವತ್ತೇ ನಮ್ಮ ಕೆಂದ ನಾಟಿ ಹ್ಯಾಟೆಯನ್ನೂ ಮಂಕರಿಯಲ್ಲಿ 11 ಮೊಟ್ಟೆಯ ಮೇಲೆ ಕೂರಿಸಿದೆ. ಮೆಷಿನ್ನಿಗೆ 37.5 ಡಿಗ್ರಿ ಕಾವು, ಒಳಗೊಂದು ತಟ್ಟೆ ನೀರು, ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸುವುದು. ಏಳನೇ ದಿನ ದೀಪ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದೆವು. ಜೀವ ಕಟ್ಟಿದ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ, ನಡುವೆ ಒಂದು ಚುಕ್ಕೆ ಮಿಸುಕಾಡುತ್ತದೆ. ನಮ್ಮತ್ತೆ 60 ವರ್ಷದಿಂದ ಕೋಳಿ ಸಾಕಿದವರು. ಅವರೂ ಅವತ್ತೇ ಮೊದಲು ಅದನ್ನು ಕಂಡಿದ್ದು. ಎಷ್ಟೋ ಹೊತ್ತು ಆ ಮೊಟ್ಟೆಯನ್ನು ಕೆಳಗಿಡಲೇ ಇಲ್ಲ.

ಹದಿನಾರನೇ ದಿನ ರಾತ್ರಿ ಮೂರು ಗಂಟೆ ಹೊತ್ತು ಕರೆಂಟ್ ಇರಲಿಲ್ಲ. ಕಂಬಳಿ ಹೊದಿಸಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟೆವು. 21ನೇ ದಿನ ಮೆಷಿನ್ನಿನಲ್ಲಿ 17 ನಾಟಿ, 14 ಗಿರಿರಾಜ ಮರಿ ಎದ್ದವು. ಕೆಂದ ಹ್ಯಾಟೆ ಮಾತ್ರ 11ರಲ್ಲಿ 10 ಮರಿ ಎಬ್ಬಿಸಿತ್ತು.

ಹೋಲಿಸಿ ನೋಡೋಣ ಅಂತ ಅದೇ ವಾರ 20 ಒಂದು ದಿನದ ಗಿರಿರಾಜ ಮರಿಗಳನ್ನು ಕೊಂಡು ತಂದೆ. ಎಲ್ಲದರ ಕಾಲಿಗೂ ಬಣ್ಣದ ದಾರ ಕಟ್ಟಿದೆ. ಒಂದೇ ಶೆಡ್, ಒಂದೇ ಫೀಡ್. ಎಲ್ಲಕ್ಕೂ ಒಂದೇ ದಿನ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ಎಂಟು ವಾರಕ್ಕೆ ನಾಟಿ ಸರಾಸರಿ 410 ಗ್ರಾಂ, ಕೊಂಡು ತಂದ ಗಿರಿರಾಜ 1,150 ಗ್ರಾಂ. ಮನೆಯಲ್ಲೇ ಮಾಡಿಸಿದ ಗಿರಿರಾಜ ಮರಿಗಳಲ್ಲಿ ಒಂದು 1,020 ಗ್ರಾಂ ಇದ್ದರೆ ಇನ್ನೊಂದು ಬರೀ 560. ಬಣ್ಣವೂ ಒಂದೇ ಥರ ಇಲ್ಲ. ಗಿರಿರಾಜ ಬೇರೆ ಬೇರೆ ತಳಿ ಕೂಡಿಸಿ ಮಾಡಿದ ಕೋಳಿ. ಅದರ ಮಕ್ಕಳಲ್ಲಿ ಆ ಗುಣಗಳೆಲ್ಲ ಚದುರಿ ಹೋಗುತ್ತವೆ.

ಹಿತ್ತಲಿಗೆ ಬಿಟ್ಟ ಮೇಲೆ ಲೆಕ್ಕವೇ ಬೇರೆಯಾಯಿತು. ಗಿಡುಗ ನಾಲ್ಕು ಗಿರಿರಾಜ ಮರಿ ಹೊತ್ತೊಯ್ದಿತು, ನಾಟಿಯಲ್ಲಿ ಒಂದೇ. ಮೇಲೆ ನೆರಳು ಸುಳಿದರೆ ಸಾಕು, ನಾಟಿ ಮರಿಗಳು ಬೇಲಿ ಸಂದಿ ಸೇರುತ್ತವೆ. ಗೊಬ್ಬರದ ಗುಂಡಿ ಕೆದಕಿ ಹುಳ ತಿಂದು ಅರ್ಧ ಹೊಟ್ಟೆ ಅಲ್ಲೇ ತುಂಬಿಸಿಕೊಳ್ಳುತ್ತವೆ. ಗಿರಿರಾಜಗಳು ಸಂಜೆ ಫೀಡಿನ ಡಬ್ಬಿ ಹತ್ತಿರವೇ ನಿಂತಿರುತ್ತವೆ.

ಗಿರಿರಾಜ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ ತಳಿಗಳು ಎಷ್ಟೋ ಮನೆಗಳಿಗೆ ಆಸರೆಯಾಗಿವೆ. ಆದರೆ ಮರಿ ಹಂಚುವವರು ಒಂದು ಚೀಟಿಯಲ್ಲಾದರೂ ಬರೆದು ಕೊಡಲಿ: ಇದು ಕಾವಿಗೆ ಕೂರುವುದಿಲ್ಲ, ಇದರ ಮೊಟ್ಟೆ ತಿನ್ನಲು ಮಾರಲು ಸರಿ, ಮರಿಗೆ ಇಡಬೇಡಿ.

ನನ್ನ ಇನ್ನೊಂದು ಆತಂಕ ನಾಟಿ ಕೋಳಿಯದು. ನಮ್ಮೂರ ಬೀದಿಯಲ್ಲಿ ಈಗ ಗಿರಿರಾಜ ಹುಂಜಗಳೇ ಜಾಸ್ತಿ. ನಾಟಿ ಹ್ಯಾಟೆಗಳ ಮರಿಗಳೆಲ್ಲ ಬೆರಕೆ ಆಗುತ್ತಿವೆ. ನಾನು ಚಿಕ್ಕವಳಿದ್ದಾಗ ಮನೆಗೊಂದಿದ್ದ ಬೋಳುಕತ್ತಿನ ಕೋಳಿ ಈಗ ಊರಲ್ಲಿ ಎರಡೇ ಮನೆಯಲ್ಲಿದೆ. ತಾಲ್ಲೂಕಿಗೆ ಹತ್ತು ಮನೆಯಲ್ಲಾದರೂ ನಾಟಿ ಹುಂಜ, ಹ್ಯಾಟೆಗಳನ್ನು ಬೇರೆಯಾಗಿ ಸಾಕಿಸಿ, ತೂಕ, ಮೊಟ್ಟೆ, ಎದ್ದ ಮರಿಗಳ ಲೆಕ್ಕ ಬರೆಸಿ, ಒಳ್ಳೆಯವನ್ನು ಆರಿಸಿ ಮುಂದಕ್ಕೆ ಬೆಳೆಸುವ ಕೆಲಸ ಶುರುವಾಗಬೇಕು. ನಮ್ಮ ಸಂಘದಲ್ಲಿ ಇದಕ್ಕೆ ನಾಲ್ಕು ಮನೆಯವರು ತಯಾರಿದ್ದೇವೆ. ಕೆಂದ ಹ್ಯಾಟೆ ಈಗ ಮತ್ತೆ ಕಾವಿಗೆ ಕೂತಿದೆ, ಇವತ್ತಿಗೆ ಒಂಬತ್ತು ದಿನ.

ಕೋಳಿ ಸಾಕುವ ರೈತ ಮಹಿಳೆ, ಮಾಗಡಿ ತಾಲ್ಲೂಕು