ಡರ್ಹಾಮ್‌ನ ಹೆಸರೇ ಇಲ್ವಲ್ಲ!

ಮಾನ್ಯರೇ,

ಯುರೋಪಿನ ಹಳೇ ಚರ್ಚುಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೂಪು ಕಮಾನಿನ ಗಾಥಿಕ್ ಶೈಲಿಗೆ ಪುಟದ ತುಂಬ ಜಾಗ. ಅದಕ್ಕೂ ಹಿಂದಿನ ರೋಮನೆಸ್ಕ್‌ಗೆ ಮಾತ್ರ ಒಂದೇ ಸಾಲು. ದಪ್ಪ ಗೋಡೆ, ಗುಂಡು ಕಮಾನು, ಒಳಗೆ ಕತ್ತಲು, ಒರಟು ಕೆಲಸ, ಮುಗೀತು. ಇಂಗ್ಲೆಂಡಿನ ಡರ್ಹಾಮ್ ಕೆಥೆಡ್ರಲ್ ನೋಡಿದ ಯಾರಿಗಾದರೂ ಇದು ಅನ್ಯಾಯ ಅನ್ನಿಸುತ್ತದೆ.

ಸಂತ ಕಥ್‌ಬರ್ಟನ ಸಮಾಧಿಗೆಂದು ವೇರ್ ನದಿ ಸುತ್ತುವರಿದ ದಿಬ್ಬದ ಮೇಲೆ 1093ರಲ್ಲಿ ಕೆಲಸ ಶುರುವಾಯಿತು. ಕಟ್ಟಲು ಹೊರಟವನು ಬಿಷಪ್ ವಿಲಿಯಂ. ಮೂರೇ ವರ್ಷಕ್ಕೆ ಅವನು ತೀರಿಕೊಂಡ, ಆದರೂ ಕೆಲಸ ನಿಲ್ಲಲಿಲ್ಲ, 1133ರ ಹೊತ್ತಿಗೆ ಉದ್ದದ ದೊಡ್ಡ ಹಜಾರಕ್ಕೂ ಕಲ್ಲಿನ ಚಾವಣಿ ಬಂತು. ಪ್ಯಾರಿಸ್ ಪಕ್ಕದ ಸೇಂಟ್ ಡೆನಿ ಚರ್ಚಿನ ಪೂರ್ವ ಭಾಗದಲ್ಲಿ ಗಾಥಿಕ್ ಹುಟ್ಟಿತು ಅಂತಾರಲ್ಲ, ಆ ಭಾಗದ ಕೆಲಸ ಶುರುವಾಗಿದ್ದೇ 1140ರಲ್ಲಿ!

ವಿಷಯ ಏನೆಂದರೆ, ಕಲ್ಲಿನ ಚಾವಣಿ ಕೆಳಕ್ಕಷ್ಟೇ ಭಾರ ಹಾಕುವುದಿಲ್ಲ, ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ, ಅದಕ್ಕೇ ಆಗಿನವರು ಗೋಡೆಯನ್ನು ಅಷ್ಟು ದಪ್ಪ ಮಾಡುತ್ತಿದ್ದರು. ಡರ್ಹಾಮ್‌ನವರು ಚಾವಣಿಯ ಅಡಿಗೆ ಮೂಲೆಯಿಂದ ಮೂಲೆಗೆ ಪಕ್ಕೆಲುಬಿನಂಥ ಕಲ್ಲಿನ ಕಮಾನುಗಳನ್ನು ಹಾಯಿಸಿ, ನಡುವಿನ ಜಾಗವನ್ನು ಕಲ್ಲಿನಿಂದ ತುಂಬಿದರು. ಹಜಾರದ ಅಡ್ಡ ಕಮಾನುಗಳ ತುದಿಯನ್ನು ಚೂಪು ಮಾಡಿದರು. ಪಕ್ಕದ ಅಟ್ಟದ ಮಾಡಿನ ಅಡಿಯಲ್ಲಿ, ಹೊರಗಿನಿಂದ ಕಾಣದ ಹಾಗೆ, ಗೋಡೆಗೆ ಆಸರೆಯಾಗಿ ಕಾಲು ವೃತ್ತದ ಕಮಾನುಗಳನ್ನೂ ಇಟ್ಟರು. ಮುಂದೆ ಗಾಥಿಕ್‌ನವರು ಇಂಥದ್ದನ್ನೇ ಗೋಡೆಯ ಹೊರಗೆ ತಂದು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು, ಅಷ್ಟೇ. ಎಲ್ಲವೂ ಮೊದಲ ಸಲಕ್ಕೇ ಸರಿಹೋಯಿತು ಅಂತಲ್ಲ. ಪೂರ್ವದ ಕಡೆಯ ಮೊದಲ ಚಾವಣಿ ಬಿರುಕುಬಿಟ್ಟು, 13ನೇ ಶತಮಾನದಲ್ಲಿ ಅದನ್ನು ತೆಗೆದು ಬೇರೆ ಹಾಕಬೇಕಾಯಿತು.

ಇನ್ನು ಆ ಗುಂಡು ಕಂಬಗಳು. ಸುತ್ತಳತೆ ಸುಮಾರು 6.6 ಮೀಟರ್, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಒಂದರ ಮೈಮೇಲೆ ಅಂಕುಡೊಂಕು ಗೆರೆ, ಇನ್ನೊಂದರ ಮೇಲೆ ವಜ್ರದಾಕಾರ, ಮತ್ತೊಂದರ ಮೇಲೆ ಉದ್ದುದ್ದ ಗೀರು. ಒಂದೊಂದು ಕಲ್ಲನ್ನೂ ಮೊದಲೇ ಕೆತ್ತಿ ಆಮೇಲೆ ಜೋಡಿಸಿದ್ದು, ಆದರೂ ಗೆರೆಗೆ ಗೆರೆ ಕೂಡುತ್ತದೆ. ಇಂಥ ಕೆಲಸಕ್ಕೆ ಒರಟು ಅನ್ನೋದಾ?

ದಯವಿಟ್ಟು ಮುಂದಿನ ಕಂತಿನಲ್ಲಿ ಡರ್ಹಾಮ್ ಬಗ್ಗೆ ಅರ್ಧ ಪುಟವಾದರೂ ಬರೆಸಿ. ಹೊರಗಿನ ಗೋಪುರದ ಫೋಟೊ ಎಲ್ಲ ಕಡೆ ಸಿಗುತ್ತದೆ, ಆ ಅಟ್ಟದೊಳಗಿನ ಕಮಾನಿನದ್ದು ಹಾಕಿ.

ನಿಮ್ಮ ಓದುಗ